ಹಾರ್ನ್ ಹೊಡೆದರೆ ನಿಲ್ಲುವ ಎಂಜಿನ್

ಜೀಪಿನ ಹಿಂದಿನ ಸೀಟಿನಲ್ಲಿ ಕೂತಿದ್ದ ಮಂಗಳಗೌರಿಗೆ ತನ್ನ ತೊಡೆಯ ಮೇಲಿದ್ದ ಸಾಮಾನಿನ ಚೀಲ ಯಾರದ್ದು ಎಂದು ಇದ್ದಕ್ಕಿದ್ದಂತೆ ಅನುಮಾನವಾಯಿತು. ಹಳೆಯ ಕ್ಯಾನ್ವಾಸ್ ಚೀಲ. ಅದರ ಮೇಲೆ ಗಂಡ ಕಲ್ಲಯ್ಯ ಕೈ ನೆಟ್ಟಗಿದ್ದ ಕಾಲದಲ್ಲಿ ಕಪ್ಪು ಪೇಂಟಿನಿಂದ ಬರೆದುಕೊಂಡಿದ್ದ ‘ಕ’ ಅಕ್ಷರ ಇನ್ನೂ ಇತ್ತು. ಆದರೆ ಒಳಗಿದ್ದ ಸ್ಕ್ರೂಡ್ರೈವರಿನ ಹಿಡಿ ಈಚಿನ ವರ್ಷಗಳಲ್ಲಿ ಸವೆದದ್ದು ಅವಳ ಅಂಗೈಗೆ. ಮುಂದಿನ ಸೀಟಿನಲ್ಲಿ ಕಲ್ಲಯ್ಯ ಹಣೆತುಂಬ ವಿಭೂತಿ ಧರಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ನಡುಗುವ ಬಲಗೈಯನ್ನು ಶಲ್ಯದೊಳಗೆ ಮುಚ್ಚಿಟ್ಟುಕೊಂಡು, ಮದುವಣಿಗನ ಹಾಗೆ ಕೂತಿದ್ದ. ಅವನ ಅಂಗಿಯ ಗುಂಡಿಗಳನ್ನು ಬೆಳಿಗ್ಗೆ ಹಾಕಿದವಳು ಅವಳೇ. ಹಾಕುವಾಗ ಅವನು, “ಅಲ್ಲಿ ದೊಡ್ ಜನ ಇರ್ತಾರೆ. ನೀನು ವಸಿ ಇಂದೆ ಇರು. ನಾನು ಏಳ್ದಂಗೆ ಮಾಡು” ಎಂದಿದ್ದ. ಅವಳು ಹೂಂ ಅಂದಿದ್ದಳು. ಆ ಹೂಂ ಈಗ ನಂಜನಗೂಡು ದಾಟಿ, ಕಬ್ಬಿನ ಗದ್ದೆಗಳನ್ನು ದಾಟಿ, ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತಿತ್ತು. ಮೀನು ತಿಂದವಳಲ್ಲ ಅವಳು. ಆದರೂ ಮುಳ್ಳು ಹೀಗೇ ಇರಬೇಕು ಅನ್ನಿಸಿತು.

ಜೀಪು ಓಡಿಸುತ್ತಿದ್ದವನು ಮರಿಸ್ವಾಮಿ. ಮುಡುಕುತೊರೆಯಿಂದ ಕೆಳಗೆ ಕಾವೇರಿಗೆ ಅಡ್ಡಲಾಗಿ ಮೋಟಾರು ಬೋಟು ಬಿಟ್ಟಿದ್ದವನು. ನರಸೀಪುರದ ಸೇತುವೆ ಸುತ್ತಿ ಬರುವುದಕ್ಕಿಂತ ಬೋಟು ಹತ್ತಿದರೆ ಆಚೆ ದಡದ ಹಳ್ಳಿಯವರಿಗೆ ಅರ್ಧ ದಿನ ಉಳಿಯುತ್ತಿತ್ತು. ಕೇರಳದಿಂದ ತಂದ ಹಳೆಯ ಕಬ್ಬಿಣದ ಬೋಟು, ಹಳೆಯ ಡೀಸೆಲ್ ಎಂಜಿನ್. ಅಂಥವನು ತಾನೇ ಜೀಪು ತಂದು, ನಂಜನಗೂಡಿನ ಮೋಟಾರು ರಿಪೇರಿ ಅಂಗಡಿಯ ಮುಂದೆ ಚಪ್ಪಲಿ ಬಿಟ್ಟು, ಕಲ್ಲಯ್ಯನ ಕಾಲು ಮುಟ್ಟಿದ್ದ. ಲಕ್ವ ಹೊಡೆದ ಮೇಲೆ ಆ ಕಾಲನ್ನು ಯಾರೂ ಮುಟ್ಟಿರಲಿಲ್ಲ, ಎಣ್ಣೆ ತಿಕ್ಕಲು ಅವಳೊಬ್ಬಳನ್ನು ಬಿಟ್ಟರೆ.

“ನಡುನೀರಲ್ಲಿ ಎಂಜಿನ್ ಆಫ್ ಆಗೋಯ್ತು ಅಯ್ನೋರೆ,” ಮರಿಸ್ವಾಮಿ ಹೇಳುತ್ತಿದ್ದ. “ಬೋಟು ತೇಲ್ಕೊಂಡೋಗಿ ಬಂಡೆಗೆ ಗುದ್ತು. ರಾಚಮ್ಮ ಅಂತ ಮುದುಕಿ ಬಿದ್ದು ಸೊಂಟ ಮುರ್ಕೊಂಡ್ಳು. ನಮ್ ಡ್ರೈವರು ತಿಮ್ಮಯ್ಯ ಏನಂತಾನೆ ಗೊತ್ತಾ? ಆರ್ನ್ ಒಡ್ದೆ, ಎಂಜಿನ್ ನಿಂತೋಯ್ತು ಅಂತಾನೆ. ಆರ್ನ್‌ಗೂ ಎಂಜಿನ್‌ಗೂ ಏನ್ ಸಮ್ಮಂದ, ನೀವೇ ಏಳಿ. ಕುಡ್ದಿದ್ದ ನನ್ಮಗ. ಕೈ ತಪ್ಪಿ ಕೀ ತಿರುವವ್ನೆ.”

ಕಲ್ಲಯ್ಯ ನಕ್ಕ. ಎಷ್ಟೋ ದಿನಗಳ ಮೇಲೆ ಅವನ ನಗು ಕೇಳಿದ ಹಾಗಾಯಿತು. “ಆರ್ನ್ ಒಡುದ್ರೆ ನಾಯಿ ಓಡ್ಬೋದು. ಎಂಜಿನ್ ಯಾಕೆ ನಿಂತದೆ?” ಎಂದ.

ಮಂಗಳಗೌರಿ ಕಿಟಕಿಯಾಚೆ ನೋಡುತ್ತಿದ್ದಳು. ನಿಲ್ಲಬಹುದು, ಎಂದುಕೊಂಡಳು. ಯಾಕೆ ನಿಲ್ಲಬಹುದು ಎಂದು ತಿಳಿಯುವ ಮೊದಲೇ ನಿಲ್ಲಬಹುದು ಅನ್ನಿಸಿತು. ಆಮೇಲೆ ಕಾರಣ ನಿಧಾನವಾಗಿ, ಹಿಂದಿನಿಂದ ಬರುವ ಬಸ್ಸಿನ ಸದ್ದಿನ ಹಾಗೆ, ಬಂತು. ಕೆಲವು ಎಂಜಿನ್ನುಗಳಲ್ಲಿ ಡೀಸೆಲ್ ಬಿಡಲು ಒಂದು ಕಾಯಿಲ್ ಇರುತ್ತದೆ. ಕರೆಂಟ್ ಇರುವ ತನಕ ಅದು ಬಾಗಿಲು ತೆರೆದಿಟ್ಟುಕೊಂಡಿರುತ್ತದೆ. ಕರೆಂಟ್ ಸೊರಗಿದರೆ ಬಾಗಿಲು ಮುಚ್ಚುತ್ತದೆ. ಹೋದ ಕರೆಂಟಿಗೆ ವಾಪಸ್ಸು ಬರುವ ದಾರಿ ಇಕ್ಕಟ್ಟಾಗಿದ್ದರೆ, ಹಾರ್ನಿನಂಥ ಹೊಟ್ಟೆಬಾಕ ಅದೇ ದಾರಿಯಲ್ಲಿ ನುಗ್ಗಿದರೆ, ಪಾಪ, ಆ ಕಾಯಿಲ್ ಏನು ಮಾಡೀತು. ಹೇಳಲು ಬಾಯಿ ತೆರೆದಳು. ಮುಂದಿನ ಸೀಟಿನಲ್ಲಿ ಗಂಡಸರಿಬ್ಬರೂ ಇನ್ನೂ ನಗುತ್ತಿದ್ದರು. ಬಾಯಿ ಮುಚ್ಚಿದಳು.

ಹೀಗೆ ಬಾಯಿ ಮುಚ್ಚುವುದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅದು ಅವಳೇ ಒಪ್ಪಿಕೊಂಡ ದಂಡ. ಕಲ್ಲಯ್ಯ ಅಂಗಡಿಯಲ್ಲಿ ಕುಸಿದು ಬಿದ್ದ ದಿನ ಅವಳು ಹಿತ್ತಲಿನಿಂದ ಹಿಟ್ಟಿನ ಕೈಯಲ್ಲೇ ಓಡಿಬಂದಿದ್ದಳು. ಮೈಸೂರಿನ ಆಸ್ಪತ್ರೆ, ಎಣ್ಣೆ, ಹರಕೆ. ಅದೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಯಾರೋ ರೈತ ಪಂಪ್ ಸೆಟ್ಟಿನ ಸುಟ್ಟ ಸ್ಟಾರ್ಟರ್ ಹೊತ್ತು ಬಂದು, ಮುಚ್ಚಿದ ಬಾಗಿಲ ಮುಂದೆ ಸುಮ್ಮನೆ ನಿಂತುಬಿಟ್ಟ. ನೀರಿಲ್ಲದೆ ಪೈರು ಒಣಗುತ್ತದೆ ಅಂದ. ಕಲ್ಲಯ್ಯ ಮಂಚದ ಮೇಲಿಂದ, ಇನ್ನೂ ತೊದಲುವ ನಾಲಗೆಯಲ್ಲಿ, ಬಿಚ್ಚು, ಮೊದಲು ಕಾಂಟ್ಯಾಕ್ಟ್ ನೋಡು, ಅಂದ. ಅವಳು ಬಿಚ್ಚಿದಳು. ಮದುವೆಯಾದಂದಿನಿಂದ ಅವನ ಪಕ್ಕ ನಿಂತು ಟಾರ್ಚು ಹಿಡಿದ ಕೈ ಅದು, ಎಲ್ಲವನ್ನೂ ನೋಡಿಟ್ಟುಕೊಂಡಿತ್ತು. ಮುಚ್ಚಳ ತೆರೆದಾಗ ಸುಟ್ಟ ವಾರ್ನಿಷಿನ ವಾಸನೆ ಮುಖಕ್ಕೆ ಬಡಿಯಿತು. ಆಗ ಅವಳಿಗೆ ಆದದ್ದು ಸಂಕಟವಲ್ಲ. ಸಂತೋಷ. ಗಂಡ ಮಂಚದಲ್ಲಿ ಬಾಯಿ ಸೊಟ್ಟಗೆ ಮಾಡಿಕೊಂಡು ಮಲಗಿದ್ದಾಗ, ಬಾಗಿಲ ಬಳಿ ಕೂತು ಸ್ಟಾರ್ಟರ್ ಬಿಚ್ಚುತ್ತ ಅವಳಿಗೆ ಹಾಡು ಹೇಳಿಕೊಳ್ಳುವಷ್ಟು ಸಂತೋಷವಾಗಿತ್ತು. ಅದನ್ನು ಯಾರಿಗೂ ಹೇಳಲಾಗಲಿಲ್ಲ. ನಂಜುಂಡೇಶ್ವರನ ಮುಂದೆ ಕೈಮುಗಿದು ನಿಂತಾಗಲೂ ಹೇಳಲಾಗಲಿಲ್ಲ. ಅದಕ್ಕೇ ಅಂಗಡಿಯ ಕುರ್ಚಿಯನ್ನು ಅವನಿಗೇ ಬಿಟ್ಟಳು. ಗಿರಾಕಿಗಳು ಅವನ ಹತ್ತಿರ ಮಾತಾಡುವರು, ಅವಳ ಹತ್ತಿರ ಸಾಮಾನು ಕೊಡುವರು. “ಏನಾಗದೆ ಮೇಸ್ತ್ರಿಗಳೇ?” ಎಂದು ಅವನನ್ನು ಕೇಳುವರು; ಅವನು ಒಳಗೆ ತಿರುಗಿ ಅವಳ ಮುಖ ನೋಡುವನು; ಅವಳು ಮೆಲ್ಲಗೆ ಹೇಳುವಳು; ಅವನು ಜೋರಾಗಿ ಹೇಳುವನು. ಸಂತೋಷಕ್ಕೆ ತೆತ್ತ ದಂಡ ಅದು. ಎಲ್ಲಿಯ ತನಕ ತೆರಬೇಕು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ದಡದ ಮೇಲೆ ಜನ ಕಾಯುತ್ತಿದ್ದರು. ಅರಳಿಮರದ ಕೆಳಗೆ ಊರಿನ ಹಿರಿಯರು, ಪಂಚಾಯ್ತಿ ಮೆಂಬರುಗಳು, ಅವರ ನಡುವೆ ರಾಚಮ್ಮನ ಮಗ ಚಿಕ್ಕಸ್ವಾಮಿ. ಗಡ್ಡ ಬಿಟ್ಟು, ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದ. ತಪ್ಪು ಯಾರದ್ದೆಂದು ತೀರ್ಮಾನವಾಗುವ ತನಕ ಬೋಟು ಬಿಡಕೂಡದೆಂದು ಪಂಚಾಯ್ತಿ ಹೇಳಿತ್ತು. ಮೇಸ್ತ್ರಿ ನೋಡಿ ಹೇಳಿದ ಮಾತೇ ಕೊನೆ ಎಂದು ಎಲ್ಲರೂ ಒಪ್ಪಿದ್ದರು. ತಿಮ್ಮಯ್ಯ ಗುಂಪಿನಿಂದ ದೂರ, ಮಗುಚಿ ಹಾಕಿದ ಹರಿಗೋಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಐವತ್ತು ದಾಟಿದ ಒಣಕಲು ಮನುಷ್ಯ. ಚಿಕ್ಕಸ್ವಾಮಿ ಹೊಡೆದ ಏಟಿಗೆ ಒಂದು ಹಲ್ಲು ಹೋಗಿತ್ತು. ಆಮೇಲೆ ಪೊಲೀಸರೂ ಎರಡು ದಿನ ಕೂರಿಸಿಕೊಂಡಿದ್ದರು ಎಂದು ಮರಿಸ್ವಾಮಿ ಜೀಪಿನಲ್ಲಿ, ಹವಾಮಾನದ ಸಂಗತಿ ಹೇಳಿದ ಹಾಗೆ, ಹೇಳಿದ್ದ.

ಕಲ್ಲಯ್ಯನಿಗೆ ಕುರ್ಚಿ ಬಂತು. ಎಳನೀರು ಬಂತು. ಅವನ ಕೈ ನಡುಗುವುದು ಕಾಣಬಾರದೆಂದು ಮಂಗಳಗೌರಿಯೇ ಬುರುಡೆಯನ್ನು ಅವನ ಬಾಯಿಗೆ ಹಿಡಿದಳು. ಅವಳಿಗೆ ಎಳನೀರು ಬೇಕೇ ಎಂದು ಯಾರೂ ಕೇಳಲಿಲ್ಲ. ಕುಡಿದಾದ ಮೇಲೆ ಬುರುಡೆ ಎಲ್ಲಿ ಹಾಕುವುದೆಂದು ತಿಳಿಯದೆ ಅದನ್ನು ಹಿಡಿದುಕೊಂಡೇ ನಿಂತಳು. ಒಬ್ಬ ಹಿರಿಯ, “ಅಯ್ನೋರ ಕೈಕೆಳಗೆ ಚೆನ್ನಾಗಿ ತಯಾರಾಗವ್ರೆ ಅಮ್ಮಾವ್ರು. ಟಾರ್ಚ್ ಇಡಿಯಾಕೆ ಜನ ಬೇಕಲ್ಲ” ಎಂದು ಮೆಚ್ಚಿಕೊಂಡ. ಕಲ್ಲಯ್ಯ ತಲೆದೂಗಿದ. ಅವನು ತಲೆದೂಗಿದ ರೀತಿಯಲ್ಲಿ ಸುಳ್ಳಿನ ಸುಳಿವೇ ಇರಲಿಲ್ಲ. ಅವನು ಅದನ್ನು ನಂಬಿದ್ದಾನೆ ಎಂದು ಅವಳಿಗೆ ಅಲ್ಲಿ, ಅಷ್ಟು ಜನರ ನಡುವೆ, ಮೊದಲ ಸಲ ಗೊತ್ತಾಯಿತು.

ಬೋಟಿಗೆ ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು. ಹೊರಗೆ, ಒಳಗೆ, ಸೀಟಿನ ಕಾಲಿಗೆ, ಎಲ್ಲೆಲ್ಲೂ ಹಸಿರು. ಸ್ಟಿಯರಿಂಗ್ ಚಕ್ರದ ಮುಂದೆ ತಗಡಿನ ಪ್ಯಾನಲ್: ಕೀ, ಸ್ಟಾರ್ಟರ್ ಗುಂಡಿ, ಚಾರ್ಜಿಂಗ್ ದೀಪ, ಆಯಿಲ್ ದೀಪ, ಬಿಸಿ ತೋರಿಸುವ ಮುಳ್ಳು, ಹಾರ್ನಿನ ಗುಂಡಿ. ಕಲ್ಲಯ್ಯನನ್ನು ಇಬ್ಬರು ಎತ್ತಿ ತಂದು ಸೀಟಿನಲ್ಲಿ ಕೂರಿಸಿದರು. ಮರಿಸ್ವಾಮಿ ಪಕ್ಕದಲ್ಲಿ ನಿಂತ. ಅವಳು ಸೆರಗು ಸಿಕ್ಕಿಸಿಕೊಂಡು ಪ್ಯಾನಲಿನ ಸ್ಕ್ರೂಗಳನ್ನು ಬಿಚ್ಚಿದಳು.

“ಪ್ಯೂಸ್ ನೋಡ್ದ್ಯಾ?” ಕಲ್ಲಯ್ಯ ಕೇಳಿದ.

“ಸರಿಯಾಗವೆ.”

“ಬ್ಯಾಟ್ರಿ ಟರ್ಮಿನಲ್ಲು?”

“ಬಿಗಿಯಾಗವೆ.”

“ಕೀ ಅಲುಗ್ಸು. ಎಂಜಿನ್ ಶುರು ಮಾಡು. ಆರ್ನ್ ಒಡಿ.”

ಎಂಜಿನ್ ಹೊಗೆ ಉಗುಳಿ ಶುರುವಾಯಿತು. ಹಾರ್ನ್ ಒತ್ತಿದಳು. ಅದು ಕೋಣದ ಹಾಗೆ ಕೂಗಿತು. ದಡದ ಮೇಲಿನ ಮಕ್ಕಳು ಕಿವಿ ಮುಚ್ಚಿಕೊಂಡು ಕುಣಿದರು. ಎಂಜಿನ್ ನಿಲ್ಲಲಿಲ್ಲ. ಮತ್ತೆ ಒತ್ತಿದಳು. ನಿಲ್ಲಲಿಲ್ಲ. ಮರಿಸ್ವಾಮಿ ದಡದ ಕಡೆ ತಿರುಗಿ, ನೋಡುದ್ರಾ ಎನ್ನುವ ಹಾಗೆ, ಕೈ ಚಾಚಿದ. ಯಾರೋ ನಕ್ಕರು. ತಿಮ್ಮಯ್ಯ ಮಾತ್ರ ಇತ್ತ ನೋಡದೆ ಮಣ್ಣಿನಲ್ಲಿ ಕಡ್ಡಿಯಿಂದ ಗೀಚುತ್ತಿದ್ದ. ಅವಳು ಎಂಜಿನ್ ಆರಿಸಿ, ಬೆನ್ನ ಮೇಲೆ ಮಲಗಿ, ಪ್ಯಾನಲಿನ ಕೆಳಗೆ ತಲೆ ತೂರಿಸಿದಳು. ಅಲ್ಲಿ ಡೀಸೆಲಿನ ಮತ್ತು ಹೊಸ ಬಣ್ಣದ ವಾಸನೆ ಒಟ್ಟಿಗಿತ್ತು. ಮೇಲೆ ಗಂಡಸರ ಕಾಲು, ಕಲ್ಲಯ್ಯನ ಊರುಗೋಲಿನ ತುದಿ; ಕೆಳಗೆ ಅವಳು, ವೈರುಗಳು. ಇಲ್ಲಿ ಇರುವಾಗ ಅವಳಿಗೆ ಯಾರ ಮೇಲೂ ಸಿಟ್ಟಿರುತ್ತಿರಲಿಲ್ಲ. ಪ್ಯಾನಲಿನ ಕಪ್ಪು ವೈರುಗಳೆಲ್ಲ ಒಂದೆಡೆ ಸೇರಿ ಒಂದೇ ಬೋಲ್ಟಿನಲ್ಲಿ ಬೋಟಿನ ಕಬ್ಬಿಣದ ಮೈಗೆ ಕೂತಿದ್ದವು. ಬಳಸಿ ಮುಗಿದ ಕರೆಂಟೆಲ್ಲ ವಾಪಸ್ಸು ಹೋಗುವ ದಾರಿ ಅದೊಂದೇ. ಬೋಲ್ಟಿನ ಸುತ್ತ ಹಸಿರು. ಸ್ಪ್ಯಾನರ್ ಹಾಕಿ ಸ್ವಲ್ಪ ಸಡಿಲಿಸಿ ವಾಷರ್ ಎತ್ತಿ ನೋಡಿದಳು. ಅದರ ಅಡಿಯೂ ಹಸಿರು. ಬಣ್ಣ ಬಳಿಯುವವರು ವೈರು ಬಿಚ್ಚಿ, ಬಳಿದು, ಒಣಗಿದ ಬಣ್ಣದ ಮೇಲೇ ಮತ್ತೆ ಬೋಲ್ಟು ಕೂರಿಸಿದ್ದರು. ಕಬ್ಬಿಣಕ್ಕೂ ತಾಮ್ರಕ್ಕೂ ನಡುವೆ ಬಣ್ಣದ ಗೋಡೆ. ಎಲ್ಲೋ ಒಂದು ಅಂಚಿನಲ್ಲಿ ಮಾತ್ರ ಬಣ್ಣ ಕಿತ್ತು ಒಂದಿಷ್ಟು ಕಬ್ಬಿಣ ತಾಗುತ್ತಿತ್ತು. ಬೋಟು ಸುಮ್ಮನಿದ್ದಾಗ ತಾಗುತ್ತದೆ. ಎಂಜಿನ್ ಜೋರಾಗಿ ನಡುಗಿದಾಗ ತಾಗಲಾರದು. ಬೋಲ್ಟನ್ನು ಇದ್ದ ಹಾಗೇ ಮತ್ತೆ ಬಿಗಿದಳು.

ಅಷ್ಟರಲ್ಲಿ ಮೇಲಿನಿಂದ ಗಂಡನ ಧ್ವನಿ ಕೇಳಿಸಿತು. ಅದು ಅವನ ಹಳೆಯ ಧ್ವನಿ. “ಪ್ಯಾನಲ್ಲಲ್ಲಿ ಏನೂ ದೋಸ ಇಲ್ಲ ಸ್ವಾಮಿ,” ಎಂದು ದಡಕ್ಕೆ ಕೇಳುವಂತೆ ಹೇಳುತ್ತಿದ್ದ. ಮುಗಿಸುವುದಕ್ಕೆ ಬಿಡದೆ ಅವಳು ಪ್ಯಾನಲಿನ ಕೆಳಗಿನಿಂದಲೇ, “ನೀರಿಗೆ ತಕ್ಕೊಂಡೋಗಿ ನೋಡ್ಬೇಕು” ಎಂದಳು.

“ಏನಂದೆ?”

ಹೊರಗೆ ಬಂದಳು. ಸೀರೆಯ ಬೆನ್ನಿಗೆ ಎಣ್ಣೆ ಮೆತ್ತಿತ್ತು. “ನಡುನೀರಲ್ಲಿ ನಿಂತಿದ್ದಲ್ವಾ? ನಡುನೀರಲ್ಲೇ ನೋಡ್ಬೇಕು. ಡ್ರೈವರ್‌ನ ಕರೀರಿ.”

ಮರಿಸ್ವಾಮಿ ಒಪ್ಪಲಿಲ್ಲ. ದಡದಿಂದ ಚಿಕ್ಕಸ್ವಾಮಿ, “ನೋಡೇ ಬುಡ್ಲಿ. ನನ್ ಮುಂದೇನೇ ಓಡುಸ್ಲಿ ಆ ಕುಡುಕ” ಎಂದು ಕೂಗಿದ ಮೇಲೆ ಒಪ್ಪಬೇಕಾಯಿತು. ತಿಮ್ಮಯ್ಯ ಬಂದು, ಯಾರ ಮುಖವನ್ನೂ ನೋಡದೆ, ಚಕ್ರ ಹಿಡಿದ. ಬೋಟಿನಲ್ಲಿದ್ದದ್ದು ನಾಲ್ಕೇ ಜನ. ನೀರು ಕಂದು ಬಣ್ಣಕ್ಕಿತ್ತು. ದಡ ಹಿಂದೆ ಸರಿದ ಹಾಗೆ ಜನ ಸಣ್ಣಗಾದರು. ನಂಜನಗೂಡಿನ ಸೋಪಾನದಲ್ಲಿ ತಾನು ಬಟ್ಟೆ ಒಗೆದ ಕಪಿಲೆಯ ನೀರೂ ನರಸೀಪುರದಲ್ಲಿ ಸೇರಿ ಇಲ್ಲಿ ಹರಿಯುತ್ತಿರಬಹುದು. ಯಾವುದು ಕಪಿಲೆ, ಯಾವುದು ಕಾವೇರಿ ಎಂದು ಈ ನೀರಿನಲ್ಲಿ ಯಾರು ಬೇರೆ ಮಾಡಿಯಾರು? ಈ ಕೈ ಬೋಲ್ಟಿನ ಅಡಿಗೆ ನೋಡಬೇಕೆಂದು ಕಲಿತದ್ದು ಅವನಿಂದ. ನೋಡಿದ್ದು ಮಾತ್ರ ತಾನು.

“ಒಡೀರಿ ಆರ್ನ್,” ಎಂದಳು.

ತಿಮ್ಮಯ್ಯ ಹೊಡೆದ. ಎಂಜಿನ್ ನಿಲ್ಲಲಿಲ್ಲ. ಮರಿಸ್ವಾಮಿ ಮೀಸೆಯಡಿಯಲ್ಲಿ ನಕ್ಕ. ಕಲ್ಲಯ್ಯ, “ಸಾಕು, ಇಂದಕ್ಕೆ ತಿರುಗ್ಸಿ” ಎಂದ. ಅವಳ ಕಿವಿ ಬಿಸಿಯಾಯಿತು. ತಪ್ಪಾದರೆ? ತಪ್ಪಾದರೂ ಸರಿ ಎಂದು ಒಳಗೊಂದು ದನಿ ಹೇಳಿತು. ತಪ್ಪು ಮಾಡುವುದಕ್ಕಾದರೂ ತನ್ನ ಹೆಸರಿನಲ್ಲಿ ಮಾಡಬೇಕಲ್ಲ.

“ಅವತ್ತು ಇಷ್ಟೇ ಜೋರಾಗಿತ್ತಾ ಎಂಜಿನ್ನು?” ಎಂದು ತಿಮ್ಮಯ್ಯನನ್ನು ಕೇಳಿದಳು.

ತಿಮ್ಮಯ್ಯ ಮೊದಲ ಸಲ ಅವಳನ್ನು ನೋಡಿದ. “ಇಲ್ಲ ಕನಕ್ಕ. ತುಂಬ್ದ ಬೋಟು. ಪುಲ್ ಸ್ಪೀಡ್ ಕೊಟ್ಟಿದ್ದೆ. ಹರಿಗೋಲು ಅಡ್ಡ ಬಂತು ಅಂತ ಆರ್ನ್ ಒಡ್ದೆ.”

“ಪುಲ್ ಕೊಡಿ.”

ಎಂಜಿನ್ ಅರಚಿತು. ಕಾಲಡಿಯ ಹಲಗೆ, ಸೀಟು, ಪ್ಯಾನಲಿನ ಗಾಜು, ಎಲ್ಲ ನಡುಗತೊಡಗಿದವು. ಹಾರ್ನಿನ ಗುಂಡಿಯನ್ನು ಅವಳೇ ಒತ್ತಿದಳು. ಕೋಣದ ಕೂಗು ಅರ್ಧಕ್ಕೆ ಬಂದು ಸೊರಗಿತು, ಆಯಿಲ್ ದೀಪ ಮಂಕಾಗಿ ಮಿನುಗಿತು, ಎಂಜಿನ್ ಒಂದು ಸಲ ಬಿಕ್ಕಿ ನಿಂತುಬಿಟ್ಟಿತು.

ನೀರಿನ ಸದ್ದು ಎಲ್ಲಿತ್ತೋ ಈಗ ಬೋಟಿನೊಳಗೆ ಬಂತು. ಬೋಟು ಮೆಲ್ಲಗೆ ಅಡ್ಡ ತಿರುಗಿ ತೇಲತೊಡಗಿತು. ಮರಿಸ್ವಾಮಿ ಸೀಟು ಹಿಡಿದುಕೊಂಡ. ತಿಮ್ಮಯ್ಯ, ಯಾರೂ ಹೇಳದೆ, ಉದ್ದನೆಯ ಬೊಂಬು ತೆಗೆದು ನೀರಿಗಿಳಿಸಿದ. ಅವನ ಗಂಟಲಿನಿಂದ ಅಳುವೋ ನಗೆಯೋ ತಿಳಿಯದ ಒಂದು ಸದ್ದು ಹೊರಟಿತು. “ನಾನು ಏಳ್ದೆ. ಬಣ್ಣ ಒಡ್ಸ್ದಾಗ್ಲಿಂದ ಇಂಗಾಯ್ತದೆ ಅಂತ ನಿಮ್ಗೆ ಏಳ್ದೆ ಕನ ಬುದ್ದಿ. ನೀವು ನನ್ ಬಾಯಿ ಮೂಸಿ ನೋಡುದ್ರಿ” ಎಂದ.

ಮರಿಸ್ವಾಮಿ ಅವನಿಗೆ ಬೆನ್ನು ತಿರುಗಿಸಿದ. ಕಲ್ಲಯ್ಯನ ಪಕ್ಕ ಕೂತು ತಗ್ಗಿದ ದನಿಯಲ್ಲಿ ಹೇಳತೊಡಗಿದ. “ಅಯ್ನೋರೆ, ನನ್ ಮಾನ ನಿಮ್ ಬಾಯಲ್ಲದೆ. ವೈರ್ನ ನಾಳೆನೇ ಸರಿ ಮಾಡ್ಸ್ತೀನಿ, ನಿಮ್ಮಿಂದ್ಲೇ ಮಾಡ್ಸ್ತೀನಿ. ಈಗ ಜನರ ಮುಂದೆ ಪ್ಯಾನಲ್ ಸರಿಯಾಗದೆ ಅಂದ್ಬುಡಿ. ನೀವು ಅಂದ್ರೆ ಮುಗೀತು. ನಿಮ್ ಮಾತು ಮೀರೋ ಗಂಡ್ಸು ಈ ದಡದಲ್ಲಿ ಇಲ್ಲ.”

ಕಲ್ಲಯ್ಯನ ಬೆನ್ನು ನೆಟ್ಟಗಾಗುವುದನ್ನು ಅವಳು ನೋಡಿದಳು. ಯಾವ ಎಣ್ಣೆಗೂ ಯಾವ ಹರಕೆಗೂ ನೆಟ್ಟಗಾಗದ ಬೆನ್ನು. ಅವಳಿಗೆ ಅಯ್ಯೋ ಅನ್ನಿಸಿತು. ಅವನ ಬೆನ್ನ ಮೇಲೆ ಕೈಯಿಡಬೇಕು ಅನ್ನಿಸಿತು. ಅದೇ ಗಳಿಗೆಯಲ್ಲಿ, ಸ್ನಾನದ ಮನೆಯಲ್ಲಿ ಜಾರಿದವರನ್ನು ನೋಡಿದಾಗ ಆಗುವಂತೆ, ಕಣ್ಣು ತಿರುಗಿಸಬೇಕು ಅನ್ನಿಸಿತು. ಅವನು ಲಂಚಕ್ಕೆ ಬಗ್ಗುವವನಲ್ಲ. ಒಮ್ಮೆ ಯಾರೋ ಕರೆಂಟಿನ ಮೀಟರು ಹಿಂದಕ್ಕೆ ತಿರುಗಿಸಿ ಕೊಡಿ ಎಂದಾಗ ಅವರನ್ನು ಅಂಗಡಿಯಿಂದ ಇಳಿಸಿದ್ದ. ಅಂಥವನನ್ನು ಒಂದು ಕುರ್ಚಿ, ಒಂದು ಎಳನೀರು, ‘ಅಯ್ನೋರೆ’ ಎಂಬ ಒಂದು ಮಾತು ಇಲ್ಲಿಗೆ ತಂದು ನಿಲ್ಲಿಸಿತ್ತು. ನಾನೇ ಅಲ್ಲವೇ ಇವನನ್ನು ಅಷ್ಟು ಹಸಿದವನನ್ನಾಗಿ ಮಾಡಿದ್ದು, ಎಂದು ಒಂದು ಗಳಿಗೆ ಅನ್ನಿಸಿತು. ಅಲ್ಲ, ಎಂದು ತಾನೇ ಹೇಳಿಕೊಂಡಳು. ಅಲ್ಲ. ನಾನು ಬಡಿಸುತ್ತಲೇ ಬಂದೆ.

ಬೋಟು ದಡಕ್ಕೆ ತಾಗಿತು. ಎಂಜಿನ್ ನಿಂತದ್ದನ್ನು ಎಲ್ಲರೂ ಕಂಡಿದ್ದರು. ಆದರೆ ಚಕ್ರದ ಬಳಿ ಇದ್ದವನು ತಿಮ್ಮಯ್ಯ. ಯಾರು ಏನು ಒತ್ತಿದರೆಂದು ಅಷ್ಟು ದೂರಕ್ಕೆ ಕಂಡಿರಲಿಲ್ಲ. ಹಿರಿಯನೊಬ್ಬ, “ಏನಂತೀರಿ ಅಯ್ನೋರೆ? ಯಾಕೆ ನಿಂತೋಯ್ತು?” ಎಂದ. ಗುಂಪು ಹತ್ತಿರ ಬಂತು. ಕಲ್ಲಯ್ಯ ಊರುಗೋಲು ಊರಿ ಎದ್ದು ನಿಂತ. ಅವಳ ಕಡೆ ನೋಡಲಿಲ್ಲ. ಅಂಗಡಿಯಲ್ಲಾಗಿದ್ದರೆ ನೋಡುತ್ತಿದ್ದ.

“ಪ್ಯಾನಲ್ ಸರಿಯಾಗದೆ,” ಎಂದ. “ಡ್ರೈವರ್‌ಗೆ ಕೈ ನಿಲ್ಲಾಕಿಲ್ಲ. ಈಗ್ಲೂ ಅವನೇ ಆಫ್ ಮಾಡ್ಬುಟ್ಟ.”

ತಿಮ್ಮಯ್ಯ ಬೊಂಬು ಹಿಡಿದವನು ಹಾಗೇ ನಿಂತ. ಚಿಕ್ಕಸ್ವಾಮಿ ಅಂಗಿಯ ತೋಳು ಮಡಚುತ್ತ ಬೋಟಿಗೆ ಕಾಲಿಟ್ಟ.

“ಸುಳ್ಳು,” ಎಂದಳು ಮಂಗಳಗೌರಿ.

ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. ಅದು ಜೋರಾಗಿಯೂ ಇರಲಿಲ್ಲ. ಆದರೆ ಇಡೀ ಗುಂಪು ಅವಳ ಕಡೆ ತಿರುಗಿತು, ಬಹುಶಃ ಹೆಂಡತಿ ಗಂಡನಿಗೆ ಜನರ ಮುಂದೆ ಹೇಳಬಾರದ ಮಾತು ಅದಾಗಿದ್ದರಿಂದ.

“ಗೌರಿ,” ಎಂದ ಕಲ್ಲಯ್ಯ.

“ಆಫ್ ಮಾಡುದ್ದು ಅವರಲ್ಲ. ಆರ್ನ್ ಒತ್ತುದ್ದು ನಾನು. ಎಂಜಿನ್ ನಿಂತ್ಕತು. ಇವರೂ ನೋಡುದ್ರು, ಬೋಟಿನ ಯಜಮಾನ್ರೂ ನೋಡುದ್ರು.”

ಮರಿಸ್ವಾಮಿ ನಗುವುದಕ್ಕೆ ನೋಡಿದ. “ತಾಯಿ, ಮೇಸ್ತ್ರಿಗಳೇ ಏಳುದ್ ಮೇಲೆ ನೀವ್ಯಾಕೆ… ಅಯ್ನೋರೆ, ವಸಿ ಏಳಿ ಮನೆಯೋರ್ಗೆ.”

“ಅವರಿಗೆ ನಾಲ್ಕು ವರ್ಸದಿಂದ ಸ್ಕ್ರೂ ತಿರುಗ್ಸಾಕೆ ಆಗಿಲ್ಲ,” ಎಂದಳು. ಹೇಳುತ್ತಿದ್ದ ಹಾಗೆ ಗಂಡನ ಮುಖದ ಬಣ್ಣ ಇಳಿಯುವುದನ್ನು ಕಂಡಳು. ಕಂಡೂ ನಿಲ್ಲಿಸಲಿಲ್ಲ. “ನಂಜನಗೂಡ್ನಲ್ಲಿ ಯಾರ್ ಪಂಪ್ ಸೆಟ್ಟು, ಯಾರ್ ಸ್ಟಾರ್ಟ್ರು ಬಂದ್ರೂ ಮಾಡೋಳು ನಾನು. ಟಾರ್ಚ್ ಇಡಿಯೋಳಲ್ಲ. ಈ ಬೋಟ್ನ ನೋಡುದ್ದೂ ನಾನು. ದೋಸ ಅದೆ. ಬೋಲ್ಟಿನ ಅಡಿಗೆ ಬಣ್ಣ ಬಳ್ದು ಮುಚ್ಚವ್ರೆ. ನಾನು ಅದನ್ನ ಸರಿ ಮಾಡಾಕಿಲ್ಲ. ನೀವೆಲ್ಲ ನೋಡೋಗಂಟ ಇನ್ನೊಬ್ರನ್ನ ಮುಟ್ಟಾಕೂ ಬುಡಾಕಿಲ್ಲ.” ಹೀಗೆಂದು ಪ್ಯಾನಲಿನ ಮುಂದೆ, ಎಣ್ಣೆಯ ಹಲಗೆಯ ಮೇಲೆ, ಸ್ಪ್ಯಾನರ್ ಹಿಡಿದು ಕೂತುಬಿಟ್ಟಳು.

ಯಾರೋ ಹೆಂಗಸು “ಅಯ್ಯೋ ಶಿವನೆ” ಅಂದಳು. ಯಾರೋ ಗಂಡಸು, ಗಂಡನ ಮಾನ ತೆಗೆಯುವ ಹೆಂಗಸಿನ ಮಾತು ಏನು ಕೇಳುವುದು ಎಂದ. ಅವಳಿಗೆ ಕೇಳಿಸಿತು. ತಿಮ್ಮಯ್ಯನಿಗಾಗಿ ನಾನು ಹೀಗೆ ಕೂತಿದ್ದೇನೆಯೇ ಎಂದು ಕೇಳಿಕೊಂಡಳು. ಅವನ ಮುರಿದ ಹಲ್ಲು, ರಾಚಮ್ಮನ ಸೊಂಟ, ಇವೆಲ್ಲ ನಿಜ. ಆದರೆ ಕೂತದ್ದು ಅದಕ್ಕಷ್ಟೇ ಅಲ್ಲ. ತಾನು ಕಂಡದ್ದನ್ನು ತನ್ನ ಬಾಯಲ್ಲಿ ಹೇಳಬೇಕೆಂಬ ಹಟಕ್ಕೆ ಕೂತಿದ್ದಳು. ಆ ಹಟ ಒಳ್ಳೆಯದೋ ಕೆಟ್ಟದ್ದೋ ಎಂದು ತೂಗಿ ನೋಡುವ ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ. ಬಹಳ ಕಾಲದ ಮೇಲೆ ಮೈ ಹಗುರಾಗಿತ್ತು.

ಬೋಟಿಗೆ ಕಾಲಿಟ್ಟಿದ್ದ ಚಿಕ್ಕಸ್ವಾಮಿ ಅವಳ ಎದುರಿಗೆ ಕುಕ್ಕರಿಸಿದ. ಅವನ ಉಸಿರು ಕೇಳುತ್ತಿತ್ತು. “ತೋರ್ಸಿ,” ಎಂದ.

ಅವಳು ಟಾರ್ಚನ್ನು ಅವನ ಕೈಗೆ ಕೊಟ್ಟಳು. ಬೋಲ್ಟು ಬಿಚ್ಚಿದಳು. ವಾಷರನ್ನು ಅವನ ಅಂಗೈಯಲ್ಲಿಟ್ಟಳು. ಅವನು ವಾಷರ್ ಕೂತಿದ್ದ ಜಾಗದ ಹಸಿರು ಬಣ್ಣವನ್ನು ಉಗುರಿನಿಂದ ಕೆರೆದ. ಬಣ್ಣದ ಪೊರೆ ಬಾಳೆಯ ಸಿಪ್ಪೆಯ ಹಾಗೆ ಎದ್ದುಬಂತು. ಕರೆಂಟ್ ಹೋಗುವುದು ಹೇಗೆ, ವಾಪಸ್ಸು ಬರುವುದು ಎಲ್ಲಿಂದ, ನಡುವೆ ಈ ಪೊರೆ ಕೂತರೆ ಏನಾಗುತ್ತದೆ ಎಂದು ಅವಳು ಹೇಳಿದಳು. ಅವನಿಗೆ ಎಷ್ಟು ತಿಳಿಯಿತೋ. “ಬಣ್ಣ ಒಡ್ಸ್ದೋರು ಯಾರು?” ಎಂದು ಕೇಳಿದ. ಮರಿಸ್ವಾಮಿ ಜೀಪಿನ ಕಡೆ ನೋಡುತ್ತಿದ್ದ.

ಹಿರಿಯರು ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿ ಹೋದರು. ಬೋಟು ಹೀಗೇ ನಿಲ್ಲಲಿ, ರಾಚಮ್ಮನ ಆಸ್ಪತ್ರೆಯ ಮಾತು ಮರಿಸ್ವಾಮಿಯ ಹತ್ತಿರ ಆಡೋಣ, ಠಾಣೆಗೂ ಹೋಗಿ ಹೇಳೋಣ ಎಂದರು. ಚಿಕ್ಕಸ್ವಾಮಿ ದಡಕ್ಕಿಳಿದು ತಿಮ್ಮಯ್ಯನ ಮುಂದೆ ನಿಂತ. ಅವನು ಏನೋ ಹೇಳಲು ಬಾಯಿ ತೆರೆದ. ತಿಮ್ಮಯ್ಯನ ಹೋದ ಹಲ್ಲಿನ ಜಾಗ ಕಣ್ಣಿಗೆ ಬಿತ್ತು. ಆಮೇಲೆ, “ಬೀಡಿ ಅದಾ ಅಣ್ಣ?” ಎಂದು ಕೇಳಿದ. ತಿಮ್ಮಯ್ಯ ಅವನನ್ನು ನೆಟ್ಟ ಕಣ್ಣಿನಿಂದ ನೋಡಿದ. ಮಾಫಿ ಮಾಡುವ ಮುಖವಲ್ಲ ಅದು. ಕೊನೆಗೆ ಸೊಂಟದಿಂದ ಕಟ್ಟು ತೆಗೆದು ಒಂದು ಬೀಡಿ ಕೊಟ್ಟ, ಬೆಂಕಿ ಕೊಡಲಿಲ್ಲ.

ವಾಪಸ್ಸು ಬಿಡಲು ಜೀಪು ಬರಲಿಲ್ಲ. ತಿಮ್ಮಯ್ಯನೇ ಯಾರದೋ ಎತ್ತಿನ ಗಾಡಿ ಮಾತಾಡಿ ರಸ್ತೆಗೆ ತಂದುಬಿಟ್ಟ. ನರಸೀಪುರದಲ್ಲಿ ಬಸ್ಸು ಬದಲಾಯಿಸುವಾಗ ಕಲ್ಲಯ್ಯ ಅವಳ ಕೈ ಹಿಡಿಯಲಿಲ್ಲ. ಕಂಡಕ್ಟರನ ಭುಜ ಹಿಡಿದು ಹತ್ತಿದ. ದಾರಿಯುದ್ದಕ್ಕೂ ಮುಂದಿನ ಸೀಟಿನ ಕಂಬಿಯನ್ನು ನೋಡುತ್ತ ಕೂತಿದ್ದ. ಮನೆಯಲ್ಲಿ ಅವಳು ಅನ್ನ ಬಡಿಸಿದಾಗ ತಟ್ಟೆ ಮುಟ್ಟದೆ ಹೇಳಿದ: “ಕೈ ಓಯ್ತು. ಕಾಲು ಓಯ್ತು. ಬಾಯೊಂದಿತ್ತು. ಅದನ್ನೂ ಇವತ್ತು ಕಿತ್ಕಂಡೆ.”

“ತಿಮ್ಮಯ್ಯನಿಗೂ ಬಾಯಿತ್ತು,” ಎಂದಳು. “ಯಾರು ಕೇಳುದ್ರು?”

“ವಿದ್ಯೆ ಕೊಟ್ಟೋನು ನಾನು.”

“ಊಂ. ನೀವೇ ಕೊಟ್ಟಿದ್ದು. ಕೊಟ್ಟಾಗದೆ.”

ಅವನು ತಟ್ಟೆಯನ್ನು ಎಡಗೈಯಿಂದ ದೂರ ತಳ್ಳಿದ. “ನಾಳೆಯಿಂದ ಅಂಗ್ಡಿ ಕಡೆ ಕಾಲಿಕ್ಬೇಡ. ನನ್ ಎಸ್ರಿನ ಅಂಗ್ಡಿ. ಮುಚ್ಚೋಗ್ಲಿ.” ಅವಳು ತಟ್ಟೆಗೆ ಮುಚ್ಚಳ ಮುಚ್ಚಿದಳು. ಅತ್ತಳು ಕೂಡ, ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುವ ಸದ್ದಿನಲ್ಲಿ. ಅವನ ಇಳಿದುಹೋದ ಮುಖ ಕಣ್ಣಿಗೆ ಕಟ್ಟಿತ್ತು. ಆದರೆ ಎಷ್ಟು ಹುಡುಕಿದರೂ ಪಶ್ಚಾತ್ತಾಪ ಮಾತ್ರ ಸಿಗಲಿಲ್ಲ. ಇದ್ದದ್ದು ದುಃಖ. ಎರಡೂ ಬೇರೆ ಬೇರೆ ಎಂದು ಇಷ್ಟು ದಿನ ತಿಳಿದಿರಲಿಲ್ಲ.

ಬೆಳಿಗ್ಗೆ ಅವಳು ಕೆಲಸ ಮುಗಿಸಿ ಬರುವಷ್ಟರಲ್ಲಿ ಅವನು ಗೋಡೆ ಹಿಡಿದುಕೊಂಡು ಹೋಗಿ ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದ. ಬಲಗಾಲನ್ನು ಹೊಸ್ತಿಲಿಗೆ ಅಡ್ಡ ಚಾಚಿದ್ದ. ಬೀದಿಯಲ್ಲಿ ಒಬ್ಬ ರೈತ ಸೈಕಲ್ಲಿಗೆ ಮೋಟಾರು ಕಟ್ಟಿಕೊಂಡು ಬಂದು, ಇಬ್ಬರ ಮುಖವನ್ನೂ ನೋಡಿ, ಏನೂ ತಿಳಿಯದೆ ನಿಂತಿದ್ದ.

“ಕಾಲು ತಗೀರಿ. ಒಳಿಕೋಗ್ಬೇಕು,” ಎಂದಳು.

ಅವನು ತೆಗೆಯಲಿಲ್ಲ. ಆ ಕಾಲು ತಾನಾಗಿ ಏಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಬೇರೆ ದಿನವಾಗಿದ್ದರೆ ಅವಳೇ ಬಗ್ಗಿ, ಹಿಮ್ಮಡಿ ಹಿಡಿದು, ಎತ್ತಿ ಈಚೆ ಇಡುತ್ತಿದ್ದಳು. ದಾಟಿ ಹೋಗಬಹುದಿತ್ತು, ಗಂಡನ ಕಾಲು ದಾಟುವುದು ಅವಳಿಗೆ ಬೇಕಿರಲಿಲ್ಲ. ಅವಳು ಬಗ್ಗಲಿಲ್ಲ, ದಾಟಲೂ ಇಲ್ಲ. ಸೆರಗು ಸಿಕ್ಕಿಸಿಕೊಂಡು ನಿಂತಳು. ಬಿಸಿಲು ಹೊಸ್ತಿಲಿಗೆ ಬಂತು. ಎದುರು ಮನೆಯ ಗುರುಬಸಮ್ಮ ನೀರು ಚೆಲ್ಲಲು ಬಂದವಳು ಬಿಂದಿಗೆ ಹಿಡಿದು ನಿಂತೇಬಿಟ್ಟಳು. ರೈತ ಒಮ್ಮೆ ಕೆಮ್ಮಿದ. ಕಲ್ಲಯ್ಯ ಬೀದಿಯನ್ನು ನೋಡಿದ, ಮೋಟಾರನ್ನು ನೋಡಿದ, ಕೊನೆಗೆ ಅವಳನ್ನು ನೋಡಿದ. ಅವಳೂ ಕಣ್ಣು ಕೀಳದೆ ನೋಡಿದಳು. ಆಮೇಲೆ ಅವನು ಎಡಗೈಯಿಂದ ಪಂಚೆಯ ಮೇಲೇ ತನ್ನ ಬಲಮಂಡಿಯ ಕೆಳಗೆ ಹಿಡಿದು, ಹಲ್ಲು ಕಚ್ಚಿ, ಕಾಲನ್ನು ತಾನೇ ಎತ್ತಿ ಈಚೆಗೆ ಇಟ್ಟುಕೊಂಡ.

ಮಂಗಳಗೌರಿ ಒಳಗೆ ಹೋದಳು. “ತನ್ನಿ ಮೋಟ್ರ,” ಎಂದು ರೈತನನ್ನು ಕರೆದಳು. “ಏನಾಗದೆ, ನಂಗೇಳಿ.”